ತೀರ್ಪಿಲ್ಲದ ಸೆರೆ, ಲೆಕ್ಕವಿಲ್ಲದ ಬೊಕ್ಕಸ

2024ರ ಆಗಸ್ಟ್ 29ರಂದು ಚಿತ್ರನಟ ದರ್ಶನ್ ಅವರನ್ನು ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ನಮ್ಮ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ತಂದರು. ಅಂದಿನಿಂದ ಅಕ್ಟೋಬರ್ 30ರಂದು ಹೈಕೋರ್ಟು ಚಿಕಿತ್ಸೆಗಾಗಿ ಮಧ್ಯಂತರ ಜಾಮೀನು ಕೊಡುವವರೆಗೆ ನಾಡಿನ ಕ್ಯಾಮೆರಾಗಳೆಲ್ಲ ನಮ್ಮ ಜೈಲಿನ ಬಾಗಿಲಲ್ಲಿ ಬೀಡುಬಿಟ್ಟಿದ್ದವು. ಅವರು ಏನು ಉಂಡರು, ಹೇಗೆ ಮಲಗಿದರು, ಬೆನ್ನುನೋವಿಗೆ ಏನು ಉಪಚಾರವಾಯಿತು ಎಂಬ ಸುದ್ದಿ ದಿನಕ್ಕೆ ಹತ್ತು ಸಲ ಮನೆಮನೆಗೆ ಬಂತು. ಆ ಮೊಕದ್ದಮೆಯ ಸರಿತಪ್ಪು ನಮ್ಮ ವಿಷಯವಲ್ಲ. ಅದನ್ನು ತೂಗತಕ್ಕದ್ದು ನ್ಯಾಯಾಲಯ. ನಾವು ಓದುಗರನ್ನು ಕೇಳುವುದು ಇಷ್ಟೇ: ಅದೇ ಗೋಡೆಯ ಒಳಗೆ, ಅದೇ ಕಾಯಿದೆಯ ಕೆಳಗೆ, ಅದೇ ಹೆಸರು ಹೊತ್ತು ಕುಳಿತಿದ್ದ ಉಳಿದವರ ಮಾತನ್ನು ಆ ಎರಡು ತಿಂಗಳಲ್ಲಿ ಎಷ್ಟು ಮಂದಿ ಎತ್ತಿದರು?

ಆ ಹೆಸರು ‘ವಿಚಾರಣಾಧೀನ ಕೈದಿ’. ಅಂದರೆ ಆರೋಪ ಬಂದಿದೆ, ತೀರ್ಪು ಬಂದಿಲ್ಲ. ಕಾಯಿದೆಯ ಕಣ್ಣಿನಲ್ಲಿ ಅವನು ನಿರಪರಾಧಿ. ಆದರೆ ಅವನ ಮೈ ಜೈಲಿನಲ್ಲಿದೆ, ಅವನ ಕೂಲಿ ನಿಂತಿದೆ, ಅವನ ಹೆಂಡತಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದಾಳೆ. 2022ರ ಡಿಸೆಂಬರ್ 31ರಂದು ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ಸರ್ಕಾರವೇ ಅಚ್ಚುಹಾಕಿಸಿದ ಲೆಕ್ಕ. ನಾಲ್ವರು ಕೈದಿಗಳಲ್ಲಿ ಮೂವರು ತಪ್ಪು ಮಾಡಿದವರೆಂದು ಇನ್ನೂ ಯಾರೂ ತೀರ್ಮಾನಿಸಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳನ್ನು ಕೂಡಿಸಿದರೆ ಈ ವಿಚಾರಣಾಧೀನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಗುತ್ತದೆ. ಬಡವರು ಹೆಚ್ಚು ಕಳ್ಳತನ ಮಾಡುತ್ತಾರೆಂದು ಕೆಲವರು ಇದರ ಅರ್ಥ ಹೇಳುತ್ತಾರೆ. ನಾವು ಬೇರೆ ಅರ್ಥ ಹೇಳುತ್ತೇವೆ. ಬಡವನಿಗೆ ಜೈಲಿನಿಂದ ಹೊರಬರುವ ದಾರಿ ಇಕ್ಕಟ್ಟಾಗಿದೆ, ಅದಕ್ಕೇ ಅವನು ಅಲ್ಲಿ ಹೆಚ್ಚಾಗಿ ಕಾಣುತ್ತಾನೆ.

ಕಾಯಿದೆ ಕೆಟ್ಟದ್ದೇನೂ ಅಲ್ಲ. ಪುಸ್ತಕ ತೆರೆದು ನೋಡಿದರೆ ದಯೆ ತುಂಬಿ ತುಳುಕುತ್ತದೆ. ಜಾಮೀನು ಕೊಡತಕ್ಕ ಸಣ್ಣ ಅಪರಾಧವಾದರೆ, ಬಂಧನವಾದ ಒಂದು ವಾರದೊಳಗೆ ಜಾಮೀನುದಾರನನ್ನು ತರಲಾರದವನನ್ನು ನಿರ್ಗತಿಕನೆಂದು ಭಾವಿಸಿ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಪೋಲೀಸರು 60 ದಿನ, ಭಾರಿ ಅಪರಾಧಗಳಲ್ಲಿ 90 ದಿನದೊಳಗೆ ದೋಷಾರೋಪ ಪತ್ರ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮರಣದಂಡನೆ, ಆಜೀವ ಶಿಕ್ಷೆಯ ಪ್ರಕರಣಗಳನ್ನು ಬಿಟ್ಟು ಉಳಿದವುಗಳಲ್ಲಿ, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಒಳಗೆ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಉಳಿದವರನ್ನು ಅರ್ಧ ಕಾಲ ಕಳೆದ ಮೇಲೆ. ಮೂರು ವರ್ಷದ ಶಿಕ್ಷೆಯುಳ್ಳ ಸಾದಾ ಕಳ್ಳತನಕ್ಕೆ ಲೆಕ್ಕ ಹಾಕಿದರೆ ಮೊದಲ ಸಲದವನಿಗೆ ಒಂದು ವರ್ಷ, ಉಳಿದವನಿಗೆ ಒಂದೂವರೆ ವರ್ಷ. ಆ ದಿನ ಬಂದಾಗ ಕೋರ್ಟಿಗೆ ಬರೆದು ತಿಳಿಸುವ ಹೊಣೆಯನ್ನು ಕಾಯಿದೆ ಜೈಲಿನ ಅಧೀಕ್ಷಕರ ಮೇಲೆಯೇ ಹಾಕಿದೆ. ಈ ಕಲಮು ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ಹೇಳಿತು.

ಇದರಲ್ಲಿಯೂ ಒಂದು ತೂತು ಇಟ್ಟಿದ್ದಾರೆ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇದ್ದರೆ ಈ ಬಿಡುಗಡೆ ಇಲ್ಲ. ಸಂಪು ಹೂಡಿದ ಕಾರ್ಮಿಕನ ಮೇಲೆ, ರಸ್ತೆ ತಡೆದ ರೈತನ ಮೇಲೆ ಒಂದೇ ದಿನದ ಗಲಾಟೆಗೆ ಎರಡು ಮೂರು ಮೊಕದ್ದಮೆ ಬೀಳುವುದು ಎಷ್ಟು ಸುಲಭವೆಂಬುದು ದುಡಿಯುವ ಜನಕ್ಕೆ ಗೊತ್ತು. ಈ ತೂತನ್ನು ಮುಚ್ಚಬೇಕೆಂದು ಸಂಸತ್ತಿನಲ್ಲಿ ಕೇಳಬೇಕಾದವರು ಕೇಳಲಿ.

ಆದರೆ ಬಡವನನ್ನು ಒಳಗೆ ಹಿಡಿದಿಡುವುದು ಅನೇಕ ಸಲ ಕಾಯಿದೆಯಲ್ಲ, ಜಾಮೀನುದಾರ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲೊಲ್ಲ ಎನ್ನುತ್ತಾರಲ್ಲ, ಹಾಗೆ. ಕೋರ್ಟು ಜಾಮೀನು ಕೊಟ್ಟಿತು. ಆದರೆ ಪಹಣಿ ತಂದು, ತೆರಿಗೆ ರಸೀದಿ ತಂದು, ‘ಈ ಮನುಷ್ಯನಿಗೆ ನಾನು ಹೊಣೆ’ ಎಂದು ನಿಲ್ಲುವ ಆಸ್ತಿವಂತನೊಬ್ಬ ಬೇಕು. ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲನಿಗೆ ಆಸ್ತಿವಂತ ಬಂಧು ಎಲ್ಲಿಂದ ಬರಬೇಕು? ಬಳ್ಳಾರಿಯ ಜೀನ್ಸ್ ಹೊಲಿಗೆಯವನಿಗೆ ಬಾಡಿಗೆ ಮನೆ, ಬಾಡಿಗೆ ಮಿಷನ್ನು. ಕುರುಗೋಡಿನ ಕೂಲಿಕಾರನಿಗೆ ಹೊಲವಿದ್ದರೂ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಧಣಿಯ ಕಾಲು ಹಿಡಿದು ಜಾಮೀನು ಪಡೆದರೆ ಆಮೇಲೆ ವರ್ಷವೆಲ್ಲ ಅವನಿಗೆ ಜೀತ. ಇಲ್ಲವೆ ಕೋರ್ಟಿನ ಆಸುಪಾಸಿನಲ್ಲಿ ದುಡ್ಡಿಗೆ ಜಾಮೀನು ನಿಲ್ಲುವವರ ಕೈಗೆ ಸಿಕ್ಕಬೇಕು. ಅದು ಇನ್ನೊಂದು ಅಪರಾಧಕ್ಕೆ ದಾರಿ.

ಇದು ಹೊಸ ಕಥೆಯಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಬಡ ಗೌಂಡಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಅವನ ಅಣ್ಣತಮ್ಮಂದಿರಲ್ಲೊಬ್ಬ ಹೊಣೆ ನಿಲ್ಲಲು ಬಂದರೆ, ‘ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ’ ಎಂದು ತಳ್ಳಿಹಾಕಿದರು. ಮೋತಿರಾಮ್ ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮೊತ್ತವನ್ನು 1,000 ರೂಪಾಯಿಗೆ ಇಳಿಸಿದರು. ಜಿಲ್ಲೆಯ ಗಡಿ ನೋಡಿ, ಭಾಷೆ ನೋಡಿ ಜಾಮೀನುದಾರನನ್ನು ಹಿಂದಕ್ಕೆ ಅಟ್ಟುವುದು ಒಂದೇ ದೇಶದ ಪ್ರಜೆಗಳನ್ನು ಪರಕೀಯರನ್ನಾಗಿ ಮಾಡುವ ಕೆಲಸವೆಂದು ಕಟುವಾಗಿ ಬರೆದರು. ಮರುವರ್ಷ, 1979ರಲ್ಲಿ, ಬಿಹಾರದ ಜೈಲುಗಳಲ್ಲಿ ತಮ್ಮ ಅಪರಾಧಕ್ಕೆ ಸಿಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಕಥೆ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಯಲಾಯಿತು. ಬೇಗ ವಿಚಾರಣೆ ನಡೆಯುವುದು ಬದುಕುವ ಹಕ್ಕಿನ ಭಾಗವೆಂದು ಕೋರ್ಟು ಸಾರಿತು. ಅಂದು ಹುಟ್ಟಿದ ಮಕ್ಕಳಿಗೆ ಇಂದು ಮೊಮ್ಮಕ್ಕಳಾಗುವ ವಯಸ್ಸು. ಜಾಮೀನುದಾರನ ಪಹಣಿಯ ಪಾಡು ಮಾತ್ರ ಹಾಗೆಯೇ ಇದೆ.

ಗಡಿಯ ಮಾತು ಬಳ್ಳಾರಿಯವರಾದ ನಮಗೆ ತಟ್ಟುವಷ್ಟು ಇನ್ನಾರಿಗೂ ತಟ್ಟಲಾರದು. 1953ರ ಅಕ್ಟೋಬರ್ 1ರಂದು ನಮ್ಮ ಹಳೆಯ ಜಿಲ್ಲೆಯನ್ನು ಕೊಯ್ದು ಹಂಚಿದರು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ಭೂಪಟದ ಮೇಲೆ, ನಂಟು ಕಡಿಯಲಿಲ್ಲ. ಸಿರುಗುಪ್ಪದ ಹೆಣ್ಣು ಆದೋನಿಗೆ ಸೊಸೆ, ರಾಯದುರ್ಗದ ಹೊಲಿಗೆಯವನು ಬಳ್ಳಾರಿಯಲ್ಲಿ ಕೆಲಸಗಾರ. ಅಂಥವನೊಬ್ಬ ಇಲ್ಲಿ ಬಂಧನಕ್ಕೊಳಗಾದರೆ ಅವನ ಮಾವ, ಅವನ ಅಣ್ಣ ಎಲ್ಲರೂ ‘ಹೊರರಾಜ್ಯದವರು’. ಒಂದೇ ಬಸ್ಸಿನಲ್ಲಿ ಬಂದಿಳಿದ ಜಾಮೀನುದಾರ ಪರದೇಶಿಯಾಗುತ್ತಾನೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಸ್ಪಷ್ಟ ಆದೇಶಗಳನ್ನು ಕೊಟ್ಟಿದೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಇಲ್ಲವೆ ಮರುದಿನ ಜೈಲಿಗೆ ಕಳುಹಿಸಬೇಕು. ಏಳು ದಿನದೊಳಗೆ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ವಿಚಾರ ಮಾಡಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ಬಿಡುಗಡೆ ತಡವಾಗುವುದಕ್ಕೆ ಒಂದು ಕಾರಣವೆಂದು ಅದೇ ಆದೇಶ ಒಪ್ಪಿಕೊಂಡಿದೆ. ಈ ಆದೇಶ ಗಿರಣಿಯ ಬಾಗಿಲಿನವರೆಗೆ ಇನ್ನೂ ಬಂದಿಲ್ಲ.

‘ಹೊರಗಿನವನು’ ಎಂಬ ಮಾತು ಎಷ್ಟು ಅಪಾಯದ್ದೆಂಬುದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬಿಹಾರ, ಒಡಿಶಾ, ಜಾರ್ಖಂಡಗಳಿಂದ ಬಂದವರು ದುಡಿಯುತ್ತಾರೆ. ಸಿರುಗುಪ್ಪದಿಂದ ತುಂಗಭದ್ರೆಯ ಆಚೆ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಇದ್ದಾರೆ. ಅವರನ್ನು ಅಲ್ಲಿ ನೆಲೆಗೊಳಿಸಿದ್ದು ಸರ್ಕಾರವೇ. ಅರ್ಧ ಶತಮಾನದಿಂದ ನಮ್ಮೊಡನೆ ಬತ್ತ ಬೆಳೆದ ಜನ ಅವರು. 2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯವು ಬಾಂಗ್ಲಾದೇಶ ಮತ್ತು ಮ್ಯಾನ್ಮಾರಿನಿಂದ ಅಕ್ರಮವಾಗಿ ಬಂದವರೆಂಬ ಸಂಶಯವುಳ್ಳವರ ಕಾಗದಪತ್ರಗಳನ್ನು 30 ದಿನದೊಳಗೆ ಪರಿಶೀಲಿಸಬೇಕೆಂದೂ, ಅಂಥವರನ್ನು ಹಿಡಿದಿಡಲು ಜಿಲ್ಲೆಗಳಲ್ಲಿ ಜಾಗಗಳನ್ನು ಮಾಡಬೇಕೆಂದೂ ರಾಜ್ಯಗಳಿಗೆ ಬರೆಯಿತು. 1946ರ ವಿದೇಶೀಯರ ಕಾಯಿದೆಯಲ್ಲಿ ‘ನಾನು ವಿದೇಶಿಯಲ್ಲ’ ಎಂದು ರುಜುವಾತು ಮಾಡುವ ಹೊಣೆ ಹಿಡಿಯಲ್ಪಟ್ಟವನ ಮೇಲೇ ಇತ್ತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯಲ್ಲಿಯೂ ಆ ಹೊಣೆ ಹಾಗೆಯೇ ಉಳಿಯಿತು. ಕಳ್ಳತನದ ಆರೋಪ ಬಂದವನ ಮೇಲೆ ಸರ್ಕಾರ ಸಾಕ್ಷಿ ತರಬೇಕು. ಬಂಗಾಳಿ ಮಾತನಾಡಿ ಸಿಕ್ಕಿಬಿದ್ದವನು ತಾನೇ ಸಾಕ್ಷಿ ತರಬೇಕು. ಬೆಂಗಳೂರಿನ ಹತ್ತಿರ ನೆಲಮಂಗಲದ ಸೊಂಡೇಕೊಪ್ಪದಲ್ಲಿ ನಮ್ಮ ರಾಜ್ಯ ಮಾಡಿದ ವಿದೇಶೀಯರ ಬಂಧನ ಕೇಂದ್ರ ಮೊದಲು ಏನಾಗಿತ್ತು ಗೊತ್ತೇ? ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯ. ಮಕ್ಕಳು ಓದಬೇಕಾದ ಕೋಣೆಗೆ ಸರ್ಕಾರ ಕಾವಲು ಹಾಕಿತು.

ದೇಶಕ್ಕೆ ಗಡಿ ಬೇಡವೆಂದು ನಾವು ಹೇಳುತ್ತಿಲ್ಲ. ಕಾಯಿದೆ ಮೀರಿ ಬಂದವರನ್ನು ಕಾಯಿದೆಯ ಪ್ರಕಾರವೇ ವಿಚಾರಿಸಲಿ. ಆದರೆ ಕಾಯಿದೆಯ ಪ್ರಕಾರ ಎಂದರೆ ವಕೀಲ, ನ್ಯಾಯಾಧೀಶ, ಗೊತ್ತಾದ ಅವಧಿ, ಬರೆದಿಟ್ಟ ಕಾರಣ. ಇವು ನಾಲ್ಕೂ ಇಲ್ಲದೆ ಹಿಡಿದಿಟ್ಟರೆ ಅದಕ್ಕೆ ಯಾವ ಹೆಸರು ಕೊಟ್ಟರೂ ಸೆರೆಯೇ. ಇನ್ನೊಂದು ಮಾತನ್ನು ನಮ್ಮ ಜನ ಮರೆಯಬಾರದು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ನಾವೇ. ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡುಗಳಲ್ಲಿ ಮಲಗುವವರು ನಮ್ಮ ಸೀಮೆಯವರು. 2017ರ ಸೆಪ್ಟೆಂಬರಿನಲ್ಲಿ ಗೋವೆಯ ಬೈನಾ ಕಡಲತೀರದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಬಹುಪಾಲು ಕನ್ನಡಿಗರು. ಅಂದು ‘ಅನ್ಯಾಯ’ ಎಂದು ಕೂಗಿದ ಬಾಯಿ ಇಂದು ತೋರಣಗಲ್ಲಿನ ಬಿಹಾರಿಯ ವಿಷಯದಲ್ಲಿ ಮುಚ್ಚಿಕೊಂಡರೆ ನಮ್ಮ ಕೂಗಿಗೆ ಬೆಲೆ ಉಳಿಯದು. ಗೋವೆಯಲ್ಲಿ ನಾವು ಬಿಹಾರಿಗಳು. ಬಳ್ಳಾರಿಯಲ್ಲಿ ಬಿಹಾರಿ ನಮ್ಮಂತೆ.

ಇನ್ನು ಬೊಕ್ಕಸದ ಮಾತು. ಜೈಲಿಗೂ ಜಿಲ್ಲೆಯ ಲೆಕ್ಕಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಹತ್ತಿರದ್ದೇ. ಎರಡೂ ಕಡೆ ಬಾಗಿಲು ಮುಚ್ಚಿದೆ. ಎರಡೂ ಕಡೆ ಒಳಗೇನು ನಡೆಯುತ್ತದೆಂದು ಕೇಳುವ ಅಧಿಕಾರವುಳ್ಳ ಜನಪ್ರತಿನಿಧಿ ಇಲ್ಲ.

1987ರ ಜನವರಿಯಲ್ಲಿ ಈ ರಾಜ್ಯದಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಬರ ಕನಸಿನ ಆ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಜಿಲ್ಲೆಯ ಅಧಿಕಾರಿಗಳು ಚುನಾಯಿತರ ಮುಂದೆ ಬಂದು ಉತ್ತರ ಹೇಳಬೇಕಾಗಿತ್ತು. ಐದು ವರ್ಷ ಮುಗಿದೊಡನೆ, 1992ರಲ್ಲಿ, ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಹಾಗಾಗಬಾರದೆಂದೇ 1993ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ಪಂಚಾಯಿತಿಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗತಕ್ಕದ್ದು ಎಂದು ಬರೆದರು. ಬರೆದದ್ದು ಉಳಿಯಿತೇ? 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರಗಳ ವಿಂಗಡಣೆ ಎಂದರು, ಮೀಸಲಾತಿ ಪಟ್ಟಿ ಎಂದರು, ಕೋರ್ಟು ಎಂದರು. ಸರ್ಕಾರಗಳು ಬದಲಾದವು, ನೆವಗಳು ಬದಲಾಗಲಿಲ್ಲ. ವರ್ಷದ ಮೇಲೆ ವರ್ಷ ಉರುಳಿತು, ಚುನಾವಣೆ ಬರಲಿಲ್ಲ. ಆ ಪಕ್ಷ ಈ ಪಕ್ಷವೆಂಬ ಭೇದವಿಲ್ಲದೆ ಆಳುವವರೆಲ್ಲರಿಗೂ ಚುನಾಯಿತರಿಲ್ಲದ ಜಿಲ್ಲೆ ಹಿತವಾಗಿ ಕಂಡಿತು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯಲ್ಲಿ ಪ್ರತಿ ಜಿಲ್ಲಾ ಪಂಚಾಯಿತಿಗೆ ‘ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ’ ಇರಬೇಕೆಂದಿದೆ. ಲೆಕ್ಕಪರಿಶೋಧಕನ ಆಕ್ಷೇಪ ಬಂದಾಗ ‘ಈ ದುಡ್ಡು ಎಲ್ಲಿ ಹೋಯಿತು?’ ಎಂದು ಕೇಳುವ ಸಮಿತಿ ಇದು. ಸದಸ್ಯರೇ ಇಲ್ಲದ ಮೇಲೆ ಸಮಿತಿ ಎಲ್ಲಿಂದ? ಖರ್ಚು ಮಾಡುವವನೂ ಅಧಿಕಾರಿ, ಲೆಕ್ಕ ಕೊಡುವವನೂ ಅಧಿಕಾರಿ, ಲೆಕ್ಕ ಸರಿಯಿದೆ ಎನ್ನುವವನೂ ಅಧಿಕಾರಿ. ಅಂಗಡಿಯ ಗಲ್ಲಾ, ಖಾತೆಪುಸ್ತಕ, ಬೀರುವಿನ ಕೀಲಿ ಮೂರನ್ನೂ ಒಬ್ಬ ಗುಮಾಸ್ತನ ಕೈಗೆ ಕೊಟ್ಟು ವರ್ಷಗಟ್ಟಲೆ ಊರು ಬಿಡುವ ವ್ಯಾಪಾರಿ ನಮ್ಮ ಓದುಗರಲ್ಲಿ ಒಬ್ಬನಾದರೂ ಇದ್ದಾನೆಯೇ? ಗುಮಾಸ್ತ ಸತ್ಯಸಂಧನೇ ಇರಬಹುದು. ಆದರೂ ವ್ಯಾಪಾರಿ ಸಂಜೆ ಲೆಕ್ಕ ನೋಡುತ್ತಾನೆ. ಅದು ಅವಮಾನವಲ್ಲ, ಪದ್ಧತಿ.

ಬಳ್ಳಾರಿಯಂಥ ಜಿಲ್ಲೆಗೆ ಈ ಪದ್ಧತಿ ಇನ್ನೂ ಹೆಚ್ಚು ಬೇಕು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಅದರ ಹಿಂದೆಯೇ ಸುಪ್ರೀಂ ಕೋರ್ಟಿನ ಗಣಿ ನಿಷೇಧ. ಲೆಕ್ಕ ಕೇಳುವವರಿಲ್ಲದಾಗ ನಮ್ಮ ಗುಡ್ಡಗಳ ಗತಿ ಏನಾಯಿತೆಂದು ದೇಶವೇ ಕಂಡಿತು. 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿ ಗುತ್ತಿಗೆದಾರ ಕೊಡುವ ರಾಜಧನದ ಮೇಲೆ ಹಳೆಯ ಗುತ್ತಿಗೆಗಳಿಗೆ ನೂರಕ್ಕೆ 30, ಹರಾಜಿನ ಗುತ್ತಿಗೆಗಳಿಗೆ ನೂರಕ್ಕೆ 10ರಷ್ಟು ಈ ನಿಧಿಗೆ ಬರಬೇಕು. ಅದು ಗಣಿಯ ಧೂಳು ಕುಡಿದ ಜನರ ನೀರಿಗೆ, ಆಸ್ಪತ್ರೆಗೆ, ಶಾಲೆಗೆ ಹೋಗಬೇಕು. ಸಂಡೂರಿನ ಅದಿರಿನ ಪಾಲು ಬರುವ ಜಿಲ್ಲೆಯಲ್ಲಿ ಇದು ಚಿಲ್ಲರೆ ದುಡ್ಡಲ್ಲ. ಅದನ್ನು ಪ್ರಶ್ನಿಸಬೇಕಾದ ಜಿಲ್ಲಾ ಪಂಚಾಯಿತಿಯ ಸಭಾಂಗಣ ಮಾತ್ರ ಖಾಲಿ.

2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ 187 ಕೋಟಿ ರೂಪಾಯಿ ಅನಧಿಕೃತವಾಗಿ ವರ್ಗವಾಯಿತೆಂಬ ಆರೋಪ ಹೊರಬಿತ್ತು. ಅದು ಹೊರಬಿದ್ದದ್ದು ಯಾವ ಸಮಿತಿಯ ತಪಾಸಣೆಯಿಂದಲೂ ಅಲ್ಲ. ನಿಗಮದ ಲೆಕ್ಕದ ಅಧೀಕ್ಷಕರೊಬ್ಬರು ಪ್ರಾಣ ಕಳೆದುಕೊಂಡ ಮೇಲೆ. ಒಬ್ಬ ಸಚಿವರು ರಾಜೀನಾಮೆ ಕೊಟ್ಟರು, ಬಂಧನವಾಯಿತು, ಜಾಮೀನಾಯಿತು. ಅಲ್ಲಿಯೂ ನಮ್ಮ ನಿಲುವು ಒಂದೇ: ತೀರ್ಪು ಬರುವವರೆಗೆ ಯಾರನ್ನೂ ಅಪರಾಧಿ ಎನ್ನಬಾರದು. ಹಮಾಲನಿಗೆ ಬೇಡುವ ನ್ಯಾಯವನ್ನು ಸಚಿವನಿಗೆ ನಿರಾಕರಿಸುವವರು ನಾವಲ್ಲ. ಆದರೆ ಸಚಿವನಿಗೆ ಸಿಗುವ ನ್ಯಾಯ ಹಮಾಲನಿಗೂ ಸಿಗಲಿ. ದೊಡ್ಡವರ ಜಾಮೀನು ಅರ್ಜಿ ದೆಹಲಿಯವರೆಗೆ ಹೋಗುತ್ತದೆ. ಹಮಾಲನ ಅರ್ಜಿಗೆ ಧಾರವಾಡದ ಹೈಕೋರ್ಟು ಪೀಠದವರೆಗೆ ಹೋಗಲು ಬಸ್ ಛಾರ್ಜಿಲ್ಲ.

ಈಗ ದುಡ್ಡೂ ಸೆರೆಯೂ ಕೂಡುವ ಜಾಗಕ್ಕೆ ಬರೋಣ. 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆಯನ್ನು ತಂದಿತು. ಅಂದಿನ ನಿಯಮದಂತೆ ಜಾಮೀನಿನ ಹಣ ಕಟ್ಟಲಾರದ ವಿಚಾರಣಾಧೀನನಿಗೆ 40,000 ರೂಪಾಯಿಯವರೆಗೆ, ದಂಡ ಕಟ್ಟಲಾರದೆ ಕೊಳೆಯುವ ಶಿಕ್ಷಿತನಿಗೆ 25,000 ರೂಪಾಯಿಯವರೆಗೆ ಸರ್ಕಾರವೇ ಭರಿಸಬಹುದಾಗಿತ್ತು. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಜಿಲ್ಲಾಧಿಕಾರಿ, ಪೋಲೀಸ್ ವರಿಷ್ಠಾಧಿಕಾರಿ, ಜೈಲು ಅಧೀಕ್ಷಕ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಮತ್ತು ನ್ಯಾಯಾಧೀಶರೊಬ್ಬರು ಇರುವ ಜಿಲ್ಲಾ ಸಮಿತಿ. ಇದಲ್ಲದೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ವಿಚಾರಣಾಧೀನರ ಪರಿಶೀಲನಾ ಸಮಿತಿಯೊಂದಿದೆ. ಅದು ಮೂರು ತಿಂಗಳಿಗೊಮ್ಮೆ ಕೂಡಿ, ಬಿಡಬಹುದಾದವರ ಪಟ್ಟಿ ನೋಡಬೇಕು. ಎರಡೂ ಸಮಿತಿಗಳಲ್ಲಿ ಕುಳಿತವರು ದೊಡ್ಡ ಹುದ್ದೆಯವರು, ತಲೆತುಂಬ ಕೆಲಸವುಳ್ಳವರು. ಕೇಳುವವರಿದ್ದರೆ ಸಭೆ ಕೂಡುತ್ತದೆ. ಕೇಳುವವರಿಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ಸಭೆ ಒಂದು ತಿಂಗಳು ಮುಂದೆ ಹೋದರೆ ಅಧಿಕಾರಿಯ ಡೈರಿಯಲ್ಲಿ ಒಂದು ಗೆರೆ; ಜೈಲಿನಲ್ಲಿರುವವನಿಗೆ ಮೂವತ್ತು ರಾತ್ರಿ.

ವ್ಯಾಪಾರಿ ಮಿತ್ರರಿಗೆ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇವೆ. ದಿನಕ್ಕೆ 500 ರೂಪಾಯಿ ದುಡಿಯುವವನೊಬ್ಬ 90 ದಿನ ಒಳಗಿದ್ದನೆಂದು ಇಟ್ಟುಕೊಳ್ಳಿ. ಅವನ ಮನೆಗೆ 45,000 ರೂಪಾಯಿ ಬರಲಿಲ್ಲ. ಅವನನ್ನು ಕಾಯುವ, ಉಣಿಸುವ, ಕೋರ್ಟಿಗೆ ಕರೆದೊಯ್ಯುವ ಖರ್ಚು ಬೊಕ್ಕಸದಿಂದ, ಅಂದರೆ ನಿಮ್ಮ ನಮ್ಮ ತೆರಿಗೆಯಿಂದ ಹೋಯಿತು. ಸಿರುಗುಪ್ಪದಿಂದ ಸುಮಾರು 55 ಕಿಲೋಮೀಟರು, ಕುರುಗೋಡಿನಿಂದ ಸುಮಾರು 30 ಕಿಲೋಮೀಟರು ಬಂದು ಅವನ ಮುಖ ನೋಡಿ ಹೋಗುವ ಮನೆಯವರ ಕೂಲಿಯೂ ಅಂದಂದಿಗೆ ಮುಳುಗಿತು. ನಿಮ್ಮ ಉದ್ರಿ ಪುಸ್ತಕದಲ್ಲಿ ಆ ಮನೆಯ ಬಾಕಿ ಬೆಳೆಯಿತು. ಇಷ್ಟೆಲ್ಲ ಆದ ಮೇಲೆ ಒಂದು ದಿನ ಕೋರ್ಟು ‘ಇವನು ನಿರ್ದೋಷಿ’ ಎಂದರೆ ಈ ನಷ್ಟವನ್ನು ಯಾರ ಖಾತೆಗೆ ಬರೆಯೋಣ?

‘ಕಳ್ಳರನ್ನು ಬಿಟ್ಟರೆ ನಮ್ಮ ಅಂಗಡಿಗೆ ಕಾವಲಾರು?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ನೋಡುವುದಿಲ್ಲ. ಬೀಗ ಮುರಿಸಿಕೊಂಡ ಸಣ್ಣ ವ್ಯಾಪಾರಿಯ ನೋವು ದೊಡ್ಡದು. ಅವನಿಗೆ ವಿಮೆಯೂ ಇರುವುದಿಲ್ಲ. ಸಾಕ್ಷಿಗಳನ್ನು ಹೆದರಿಸುವವರನ್ನು, ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈಮಾಡಿದವರನ್ನು ವಿಚಾರಣೆಗೆ ಮೊದಲೂ ಒಳಗಿಡಬೇಕಾಗಬಹುದು. ಅಂಥವರ ವಿಷಯದಲ್ಲಿ ಕಾರಣ ಬರೆದು ಜಾಮೀನು ನಿರಾಕರಿಸುವ ಅಧಿಕಾರ ಕೋರ್ಟಿಗೆ ಇದ್ದೇ ಇದೆ. ನಮ್ಮ ಆಕ್ಷೇಪ ಅದಲ್ಲ. ಕೋರ್ಟೇ ‘ಇವನು ಹೊರಗೆ ಹೋಗಬಹುದು’ ಎಂದ ಮೇಲೂ ಪಹಣಿಯಿಲ್ಲವೆಂಬ ಒಂದೇ ಕಾರಣಕ್ಕೆ ಒಳಗೆ ಉಳಿದವನು ನಿಮ್ಮ ಅಂಗಡಿಗೆ ಯಾವ ಕಾವಲು ಕೊಟ್ಟ? ದುಡ್ಡುಳ್ಳ ಪುಂಡ ಸಂಜೆಯೊಳಗೆ ಹೊರಗೆ ಬರುತ್ತಾನೆ. ಒಳಗೆ ಉಳಿಯುವುದು ಬಡತನ. ಹೊಸ ಭಾರತೀಯ ನ್ಯಾಯ ಸಂಹಿತೆಯೇ 5,000 ರೂಪಾಯಿಗಿಂತ ಕಡಮೆಯ ಮಾಲು ಕದ್ದು ಹಿಂದಿರುಗಿಸಿದ ಮೊದಲ ಸಲದವನಿಗೆ ಸಮುದಾಯ ಸೇವೆಯ ಶಿಕ್ಷೆ ಸಾಕೆನ್ನುತ್ತದೆ. ನಿಮಗೆ ನಿಜವಾದ ಕಾವಲು ಬೇಕಾದರೆ ಬೇಗನೆ ವಿಚಾರಣೆ ಮುಗಿಯಲಿ ಎಂದು ಕೇಳಿ. ಓಬಳಾಪುರಂ ಗಣಿ ಪ್ರಕರಣದಲ್ಲಿ 2011ರ ಸೆಪ್ಟೆಂಬರಿನಲ್ಲಿ ಬಂಧನವಾಯಿತು. ಹೈದರಾಬಾದಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2025ರ ಮೇ 6ರಂದು. ಇಷ್ಟು ತಡವಾದ ತೀರ್ಪಿನಿಂದ ಕಳ್ಳನಿಗೂ ಭಯವಿಲ್ಲ, ನಿರ್ದೋಷಿಗೂ ಸುಖವಿಲ್ಲ.

ವಿಚಾರಣೆಯಿಲ್ಲದ ಸೆರೆ ಏನು ಮಾಡಬಲ್ಲುದೆಂಬುದಕ್ಕೆ ಕರ್ನಾಟಕಕ್ಕೆ ಸಾಕ್ಷಿ ಬೇಕಾಗಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರಿನ ಜೈಲಿನಲ್ಲಿಟ್ಟರು. ಆಕೆಗೆ ಆಸ್ತಮಾ ಇತ್ತು. ಯಾವ ನ್ಯಾಯಾಲಯವೂ ಆಕೆಯನ್ನು ಅಪರಾಧಿ ಎನ್ನಲಿಲ್ಲ. 1977ರ ಜನವರಿ 15ರಂದು ಹೊರಗೆ ಬಿಟ್ಟರು. 20ರಂದು ಆಕೆ ತೀರಿಕೊಂಡರು. ಆಕೆಗೆ ಹೆಸರಿತ್ತು, ಗೆಳೆಯರಿದ್ದರು. ಅದರಿಂದ ನಾಡು ಇಂದಿಗೂ ನೆನೆಯುತ್ತದೆ. ಹೆಸರಿಲ್ಲದವರನ್ನು ನೆನೆಯತಕ್ಕವರು ಯಾರು? ಅವರ ಪರವಾಗಿ ರಿಜಿಸ್ಟರು ತೆರೆದು ನೋಡುವ ಹಕ್ಕನ್ನು ಜನ ಪಡೆದುಕೊಳ್ಳಬೇಕು.

ಆದುದರಿಂದ ನಾವು ಕೇಳುವುದು ನಾಲ್ಕೇ ಮಾತು. ಮೊದಲನೆಯದು, ಬಳ್ಳಾರಿ ಜೈಲಿನಲ್ಲಿ ಎಷ್ಟು ವಿಚಾರಣಾಧೀನರಿದ್ದಾರೆ, ಎಷ್ಟು ಮಂದಿ ಜಾಮೀನು ಸಿಕ್ಕಿಯೂ ಒಳಗಿದ್ದಾರೆ, 479ನೆಯ ಕಲಮಿನಂತೆ ಎಷ್ಟು ಮಂದಿಯ ಹೆಸರು ಕೋರ್ಟಿಗೆ ಹೋಯಿತು, ಬಡ ಕೈದಿಗಳ ನಿಧಿಯಿಂದ ಎಷ್ಟು ರೂಪಾಯಿ ಖರ್ಚಾಯಿತು, ಇವನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಜಿಲ್ಲಾಡಳಿತ ಪ್ರಕಟಿಸಲಿ. ಹೆಸರುಗಳು ಬೇಡ, ಸಂಖ್ಯೆ ಸಾಕು. ಎರಡನೆಯದು, ಜೈಲಿನ ಅಧಿಕಾರೇತರ ಸಂದರ್ಶಕರಲ್ಲಿ ಕಾರ್ಮಿಕ ಸಂಘಗಳ ಪ್ರತಿನಿಧಿಗಳೂ ಹೆಂಗಸರೂ ಇರಲಿ. ಮೂರನೆಯದು, ಜಿಲ್ಲೆಯಲ್ಲಿ ಯಾರನ್ನೇ ‘ಹೊರಗಿನವನು’ ಎಂದು ಹಿಡಿದರೂ ಮೊದಲ ದಿನವೇ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಅವನನ್ನು ಕಾಣಲಿ. ನಾಲ್ಕನೆಯದು, ಜಿಲ್ಲಾ, ತಾಲೂಕು ಪಂಚಾಯಿತಿಗಳಲ್ಲಿ ಜನ ಆರಿಸಿದವರೇ ಕೂರಲಿ, ಮುಂದೆಂದೂ ಒಂದು ದಿನವಾದರೂ ಆ ಕುರ್ಚಿಗಳು ಖಾಲಿಯಾಗದಿರಲಿ. ಖನಿಜ ನಿಧಿಯ ಲೆಕ್ಕ ಆ ಸಭೆಯ ಮುಂದೆ ಬರಲಿ.

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸೆರೆಯಲ್ಲಿರುವವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ವಕೀಲರು ಪುಕ್ಕಟೆ. ಇದು ಭಿಕ್ಷೆಯಲ್ಲ, ಹಕ್ಕು. 15100 ಎಂಬ ಸಂಖ್ಯೆಗೆ ಫೋನು ಮಾಡಿ ಕೇಳಬಹುದು. ನಿಮ್ಮ ಗಿರಣಿಯವನೊಬ್ಬ, ನಿಮ್ಮ ಬೀದಿಯವನೊಬ್ಬ ಒಳಗಿದ್ದರೆ ಮೂರು ತಾರೀಖುಗಳನ್ನು ಬರೆದಿಟ್ಟುಕೊಳ್ಳಿ: ಬಂಧನವಾದ ದಿನ, ದೋಷಾರೋಪ ಪತ್ರ ಹಾಕಿದ ದಿನ, ಜಾಮೀನು ಆದೇಶವಾದ ದಿನ. ಅರುವತ್ತೋ ತೊಂಬತ್ತೋ ದಿನ ದಾಟಿದರೆ ಅಂದೇ ಅರ್ಜಿ ಹಾಕಿಸಿ. ಪೋಲೀಸರು ಪತ್ರ ಹಾಕಿಬಿಟ್ಟ ಮೇಲೆ ಹೋದರೆ ಆ ಹಕ್ಕು ಕೈತಪ್ಪುತ್ತದೆ. ಜಾಮೀನು ಆದೇಶವಾಗಿ ಏಳು ದಿನ ಕಳೆದರೆ ಪ್ರಾಧಿಕಾರದ ಬಾಗಿಲಿಗೆ ಹೋಗಿ. ತಿಂಗಳು ಕಳೆದರೆ ಷರತ್ತು ಸಡಿಲಿಸಲು ಕೇಳಿ. ಸಂಘದಲ್ಲಿ ಪಹಣಿಯುಳ್ಳವರು ನಾಲ್ಕು ಜನ ಕೂಡಿ, ತಮಗೆ ಚೆನ್ನಾಗಿ ಗೊತ್ತಿರುವ ಸಂಗಾತಿಗಾದರೂ ಹೊಣೆ ನಿಲ್ಲುವ ಧೈರ್ಯ ಮಾಡಿ. ಅವನನ್ನು ತಾರೀಖು ತಪ್ಪದೆ ಕೋರ್ಟಿಗೆ ಕರೆತರುವುದೂ ಸಂಘದ ಕೆಲಸವಾಗಲಿ. ನಂಬಿಕೆ ಉಳಿದರೆ ಮುಂದಿನವನಿಗೂ ದಾರಿ.

ಬೊಕ್ಕಸದ ಕೀಲಿಯೂ ಜೈಲಿನ ಕೀಲಿಯೂ ಜನ ಕೊಟ್ಟ ಕೀಲಿಗಳೇ. ಕೊಟ್ಟವರು ಲೆಕ್ಕ ಕೇಳುವುದನ್ನು ಬಿಟ್ಟರೆ, ಇಟ್ಟುಕೊಂಡವರು ಅದು ತಮ್ಮದೇ ಎಂದುಕೊಳ್ಳುತ್ತಾರೆ. ಕೇಳೋಣ. ಸಿರುಗುಪ್ಪದ ಗಿರಣಿಯ ಅಂಗಳದಲ್ಲಿ, ಕುರುಗೋಡಿನ ಸಂತೆಯಲ್ಲಿ, ಬಳ್ಳಾರಿಯ ಹೊಲಿಗೆ ಮನೆಗಳಲ್ಲಿ ಈ ಮಾತು ನಡೆಯಲಿ: ಒಳಗೆ ಎಷ್ಟು ಜನ? ಯಾಕೆ? ಎಷ್ಟು ದಿನದಿಂದ? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಾರದ ಆಡಳಿತಕ್ಕೆ ಯಾರನ್ನೂ ಒಂದು ರಾತ್ರಿಯೂ ಹಿಡಿದಿಡುವ ನೈತಿಕ ಅಧಿಕಾರವಿಲ್ಲ.